ಸಂಚಕಾರ ಕೊಟ್ಟವರ ಮಾತು



ಕಲಘಟಗಿಯ ಬಣ್ಣದ ತೊಟ್ಟಿಲನ್ನು ನಮ್ಮ ಧಾರವಾಡ ಜಿಲ್ಲೆಯಲ್ಲಿ ನೋಡದವರು ಕಡಿಮೆ. ಅದನ್ನು ಪೇಟೆಗೆ ಹೋಗಿ ಎತ್ತಿಕೊಂಡು ಬರುವುದು ಕಷ್ಟ, ಮೊದಲೇ ಹೇಳಿ ಮಾಡಿಸಬೇಕು. ಬಸುರಿ ಮಗಳಿಗೆ ಐದು ತಿಂಗಳೋ ಏಳು ತಿಂಗಳೋ ತುಂಬುವ ಹೊತ್ತಿಗೆ ತಂದೆಯಾದವನು ತೊಟ್ಟಿಲು ಮಾಡುವವರ ಮನೆಗೆ ಹೋಗಿ, ಅಳತೆ ಮಾತಾಡಿ, ಯಾವ ಚಿತ್ರ ಬೇಕೆಂದು ಹೇಳಿ, ಕೈಯಲ್ಲಿದ್ದಷ್ಟು ಸಂಚಕಾರ ಕೊಟ್ಟು ಬರುತ್ತಾನೆ. ಆ ಹೊತ್ತಿಗೆ ತೊಟ್ಟಿಲು ಇಲ್ಲ, ಕೂಸೂ ಹುಟ್ಟಿಲ್ಲ. ಇರುವುದು ಮಾತೊಂದೇ. ಆಮೇಲೆ ಕಟ್ಟಿಗೆ ಕಡಿದು, ಕೆತ್ತಿ, ಅರಗಿನ ಬಣ್ಣ ಏರಿಸಿ, ಬಾಲಕೃಷ್ಣನ ಲೀಲೆಗಳನ್ನು ಒಂದೊಂದಾಗಿ ಬರೆಯುತ್ತ ಹೋಗುತ್ತಾರೆ. ಹೆಸರಿಡುವ ದಿನ ಯಾರಿಗಾಗಿಯೂ ಮುಂದೆ ಹೋಗುವುದಿಲ್ಲ ಎಂಬುದು ಕೊಟ್ಟವನಿಗೂ ಗೊತ್ತು, ಇಸಗೊಂಡವನಿಗೂ ಗೊತ್ತು.

ಚಿತ್ರನಟ ಅಂಬರೀಶ್ ಅವರು ಯಶ್ ಮತ್ತು ರಾಧಿಕಾ ಪಂಡಿತ್ ದಂಪತಿಯ ಕೂಸಿಗೆಂದು ಇಂಥ ಒಂದು ಕಲಘಟಗಿ ತೊಟ್ಟಿಲಿಗೆ ಹೇಳಿದ್ದರು. 2018ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಡಿಸೆಂಬರ್ ಮೊದಲ ವಾರದಲ್ಲಿ ಕೂಸು ಹುಟ್ಟಿತು. ಹೇಳಿದವರು ಇಲ್ಲವಾದರೂ ತೊಟ್ಟಿಲು ಆ ಮನೆಗೆ ಹೋಯಿತು. ಆ ಸುದ್ದಿ ಪತ್ರಿಕೆಯಲ್ಲಿ ಓದಿದ ದಿನ ನನಗೆ ಎದೆ ತುಂಬಿ ಬಂದಿತ್ತು.

ಸಂಚಕಾರ ಎಂಬ ಶಬ್ದವನ್ನು ಒಂದು ಗಳಿಗೆ ನೋಡಿ. ಎತ್ತು ಕೊಳ್ಳುವಾಗ, ಹೊಲ ಕೊಳ್ಳುವಾಗ, ಚಕ್ಕಡಿ ಮಾಡಿಸುವಾಗ ಮೊದಲು ಕೊಡುವ ಮುಂಗಡ ಹಣಕ್ಕೆ ನಾವು ಅನ್ನುವುದು ಸಂಚಕಾರ. ಪ್ರಾಣಕ್ಕೆ ಅಪಾಯ ಬಂದರೂ ಕನ್ನಡದಲ್ಲಿ ‘ಪ್ರಾಣಕ್ಕೆ ಸಂಚಕಾರ ಬಂತು’ ಎಂದೇ ಹೇಳುತ್ತೇವೆ. ಮುಂಗಡ ಕೊಟ್ಟವನ ಎದೆಯೊಳಗೆ ಎರಡೂ ಅರ್ಥಗಳು ಒಟ್ಟಿಗೇ ಇರುತ್ತವೆ.

ಇವತ್ತು ನಾನು ಮಾತಾಡಲು ಹೊರಟಿರುವುದು ದೂರದ ಶಾಂಘಾಯಿಯಲ್ಲಿ ತಯಾರಾದ ಒಂದು ಯಂತ್ರದ ಬಗ್ಗೆ ಮತ್ತು ಅದಕ್ಕೆ ಸಂಚಕಾರ ಕೊಟ್ಟು ಕಾದು ಕುಳಿತ ಸಾವಿರಾರು ಜನರ ಬಗ್ಗೆ. ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಯಾಗಿ ಜೀವಮಾನ ಕಳೆದ ನನಗೆ ಈ ವಿಷಯ ಯಾಕೆ ಹತ್ತಿತು ಎಂದು ನೀವು ಕೇಳಬಹುದು. ಕಳೆದ ದಸರೆಗೆ ಹುಬ್ಬಳ್ಳಿಯಿಂದ ಬಂದ ನನ್ನ ಸೋದರಳಿಯ ಒಂದು ಕಪ್ಪು ಕನ್ನಡಕದಂಥ ಪೆಟ್ಟಿಗೆ ತಂದಿದ್ದ. ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಅಂತ ಅದರ ಹೆಸರು. “ಮಾಮಾ, ಒಮ್ಮೆ ಹಾಕ್ಕೊಂಡು ನೋಡ್ರಿ” ಅಂದ. ಹಾಕಿಕೊಂಡರೆ ನಾನು ನಮ್ಮ ಪಡಸಾಲೆಯಲ್ಲಿ ಇರಲೇ ಇಲ್ಲ. ಎದುರಿಗೆ ಸಮುದ್ರ, ತಲೆ ಎತ್ತಿದರೆ ಆಕಾಶ, ಹಿಂದೆ ತಿರುಗಿದರೆ ತೆಂಗಿನ ಮರಗಳು. ಆದರೆ ಎರಡೂ ಬದಿಗೆ ಕಪ್ಪು. ಟಾಂಗಾ ಕುದುರೆಗೆ ಕಣ್ಣಿನ ಪಟ್ಟಿ ಕಟ್ಟುತ್ತಿದ್ದರಲ್ಲ, ಹಾಗೆ. “ಅಂಚಿಗೆ ಕತ್ತಲಿ ಐತಲ್ಲೋ” ಅಂದೆ. “ಅದs ನೋಡ್ರಿ ಮಾಮಾ ತೊಂದರಿ” ಅಂದು, ಅವನು ಈ ಕಥೆ ಹೇಳತೊಡಗಿದ.

ನವಲಗುಂದದ ಗುಡ್ಡ ಹತ್ತಿ ನಿಂತವರಿಗೆ ನಾನು ಹೇಳುವುದು ಬೇಗ ತಿಳಿಯುತ್ತದೆ. ಅಲ್ಲಿ ನಿಂತು ಮೂಡಲಿಗೆ ಮುಖ ಮಾಡಿದರೆ ಕುತ್ತಿಗೆ ತಿರುಗಿಸದೆಯೇ ಎಡಗಡೆಯ ಎರೆಹೊಲವೂ ಬಲಗಡೆಯ ಎರೆಹೊಲವೂ ಕಣ್ಣಂಚಿಗೆ ಬರುತ್ತವೆ. ಮನುಷ್ಯನ ಎರಡು ಕಣ್ಣು ಸೇರಿ ಅಡ್ಡಕ್ಕೆ ಸುಮಾರು 200 ಡಿಗ್ರಿ ಅಗಲವನ್ನು ಹಿಡಿಯುತ್ತವೆ. ಮಾಮೂಲಿ ಹೆಡ್‌ಸೆಟ್ಟು ಕೊಡುವುದು ಸುಮಾರು 110 ಡಿಗ್ರಿ. ಉಳಿದದ್ದು ಕತ್ತಲೆ. ಆ ಕತ್ತಲೆಯನ್ನು ತೆಗೆದು ಕಣ್ಣು ಕಂಡಷ್ಟೂ ಅಗಲ ಕೊಡುತ್ತೇವೆ, 200 ಡಿಗ್ರಿ, ಎಂದು ಪೈಮ್ಯಾಕ್ಸ್ ಎಂಬ ಚೀನಾದ ಕಂಪನಿ 2017ರ ಸೆಪ್ಟೆಂಬರ್‌ನಲ್ಲಿ ಜಗತ್ತಿನ ಮುಂದೆ ಬಂತು. ಯಂತ್ರದ ಹೆಸರು ಪೈಮ್ಯಾಕ್ಸ್ 8ಕೆ.

ಅವರು ಬ್ಯಾಂಕಿಗೆ ಹೋಗಲಿಲ್ಲ, ಜನರ ಹತ್ತಿರ ಪಟ್ಟಿ ಎತ್ತಿದರು. ನಮ್ಮ ಊರಲ್ಲಿ ತೇರು ಹೊಸದು ಮಾಡಿಸುವಾಗ ಮನೆಮನೆಗೆ ಪಟ್ಟಿ ಹಿಡಿದು ಹೋಗುವ ಹಾಗೆಯೇ. ಅಮೆರಿಕದಲ್ಲಿ 2009ರಲ್ಲಿ ಶುರುವಾದ ಕಿಕ್‌ಸ್ಟಾರ್ಟರ್ ಎಂಬ ಸಂಸ್ಥೆ ಇದಕ್ಕೆ ಕಟ್ಟೆ ಹಾಕಿಕೊಟ್ಟಿದೆ. ಮಾಡುವವನು ತನ್ನ ಆಲೋಚನೆಯನ್ನು, ಬೇಕಾದ ಮೊತ್ತವನ್ನು, ಗಡುವನ್ನು ಹೇಳುತ್ತಾನೆ. ಗಡುವಿನೊಳಗೆ ಅಷ್ಟು ಮೊತ್ತ ಕೂಡದಿದ್ದರೆ ಯಾರ ರೊಕ್ಕವೂ ಮುರಿಯುವುದಿಲ್ಲ. ಕೂಡಿದರೆ ಸಂಸ್ಥೆ ನೂರಕ್ಕೆ ಐದು ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಮಾಡುವವನಿಗೆ ಕೊಡುತ್ತದೆ. ಪೈಮ್ಯಾಕ್ಸ್ ಕೇಳಿದ್ದು 2 ಲಕ್ಷ ಡಾಲರ್. ನವೆಂಬರ್ ಮೊದಲ ವಾರದಲ್ಲಿ ಪಟ್ಟಿ ಮುಚ್ಚಿದಾಗ 5,946 ಜನರಿಂದ ಕೂಡಿದ್ದು 42 ಲಕ್ಷ ಡಾಲರ್‌ಗೂ ಹೆಚ್ಚು. ಬರೀ ಹೆಡ್‌ಸೆಟ್ಟು ಸಾಕೆಂದವರು ಕೂಡ ಸುಮಾರು 500 ಡಾಲರ್ ಕೊಟ್ಟಿದ್ದರು. ನಮ್ಮ ರೂಪಾಯಿಯಲ್ಲಿ ಆಗಿನ ಮೂವತ್ತು ಸಾವಿರದ ಮೇಲೆ.

2018ರ ಆರಂಭಕ್ಕೆ ಕೈಗೆ ಕೊಡುತ್ತೇವೆ ಎಂದಿದ್ದರು. ಜನವರಿ ಹೋಯಿತು, ಯುಗಾದಿ ಹೋಯಿತು, ಮಳೆಗಾಲ ಬಂತು. ಬೆರಳೆಣಿಕೆಯ ಜನರಿಗೆ ಪರೀಕ್ಷೆಯ ಮಾದರಿಗಳು ಹೋದವು. ಉಳಿದವರಿಗೆ ಯಂತ್ರಗಳು ಹೊರಡತೊಡಗಿದ್ದು ಆ ವರ್ಷದ ಕೊನೆಗೆ. ಹಂಚಿಕೆ 2019ಕ್ಕೂ ಎಳೆಯಿತು. ಕೈಯಲ್ಲಿ ಹಿಡಿಯುವ ನಿಯಂತ್ರಕಗಳು ಸೇರಿದ ಪೂರ್ತಿ ಜೋಡಣೆಗೆ ಹಣ ಕೊಟ್ಟವರಿಗೆ ಹೆಡ್‌ಸೆಟ್ಟು ಬಂದಮೇಲೂ ನಿಯಂತ್ರಕಗಳು ಬರಲಿಲ್ಲ. ಹೆಚ್ಚಿನ ಸ್ಪಷ್ಟತೆಯ 8ಕೆ ಎಕ್ಸ್ ಮಾದರಿ ಆರಿಸಿಕೊಂಡವರು 2020ರವರೆಗೆ ಕಾದರು.

ತಡವಾಗಲು ಕಾರಣಗಳಿದ್ದವು, ಅವನ್ನೂ ಹೇಳಬೇಕು. ಒಂದೊಂದು ಕಣ್ಣಿಗೆ 3840 ಅಡ್ಡ, 2160 ಉದ್ದ ಚುಕ್ಕೆಗಳ ಪರದೆ. ಎರಡೂ ಸೇರಿ 1 ಕೋಟಿ 65 ಲಕ್ಷಕ್ಕೂ ಮಿಕ್ಕಿದ ಚುಕ್ಕೆಗಳು. ಸೆಕೆಂಡಿಗೆ 90 ಸಲ ಅಷ್ಟೂ ಚುಕ್ಕೆಗಳನ್ನು ಹೊಸದಾಗಿ ಬರೆಯುತ್ತೇವೆ ಎಂದು ಮಾತು ಕೊಟ್ಟಿದ್ದರು. ತಲೆ ತಿರುಗಿಸಿದ ತಕ್ಷಣ ಚಿತ್ರ ತಿರುಗದೆ ಚೂರು ಹಿಂದೆ ಬಿದ್ದರೂ ನೋಡುವವನಿಗೆ ತಲೆ ಸುತ್ತಿ ಹೊಟ್ಟೆ ತೊಳೆಸುತ್ತದೆ, ಬಸ್ಸಿನಲ್ಲಿ ಘಟ್ಟ ಇಳಿದ ಹಾಗೆ. ಅಷ್ಟು ದೊಡ್ಡ ಚಿತ್ರವನ್ನು ಅಷ್ಟು ವೇಗದಲ್ಲಿ ಹಾಯಿಸುವಷ್ಟು ಅಗಲದ ಹಾದಿ ಆಗಿನ ತಂತಿಗೆ ಇರಲಿಲ್ಲ. ಆದ್ದರಿಂದ 8ಕೆ ಮಾದರಿಯಲ್ಲಿ ಸಣ್ಣ ಚಿತ್ರವನ್ನು ಕಳಿಸಿ ಪರದೆಯ ಹತ್ತಿರ ಹಿಗ್ಗಿಸುತ್ತಿದ್ದರು. 90ರ ಮಾತು ಕೊನೆಗೆ 80ಕ್ಕೆ ಇಳಿಯಿತು. ಮಸೂರ ಅಗಲವಾದಷ್ಟೂ ಅಂಚಿನ ಚಿತ್ರ ಬಗ್ಗುತ್ತದೆ. ಕಣ್ಣುಗಳ ನಡುವಿನ ಅಂತರ ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿಲ್ಲವಾದ್ದರಿಂದ ಒಬ್ಬರಿಗೆ ಸರಿ ಕಂಡದ್ದು ಇನ್ನೊಬ್ಬರಿಗೆ ಡೊಂಕು. ಇದೆಲ್ಲ ನಿಜವಾದ ಕಷ್ಟ. ಹೊಸದನ್ನು ಮಾಡುವವನ ಕಷ್ಟವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಕಂಪನಿ ಓಡಿಹೋಗಲಿಲ್ಲ ಎಂಬುದೂ ನಿಜ. ತಡವಾದರೂ ಹೆಡ್‌ಸೆಟ್ಟು ಮುಟ್ಟಿಸಿತು. ಅಗಲದ ನೋಟ ಕಂಡವರು ಮೆಚ್ಚಿದರು ಕೂಡ.

ಹಾಗಿದ್ದರೂ ಕೊಟ್ಟವರ ಹೊಟ್ಟೆಯುರಿ ಆರಲಿಲ್ಲ. ಯಾಕೆ? ಸೋದರಳಿಯನ ಬಾಯಿಂದ ಕೇಳಿದಾಗ ನನಗೆ ಮೊದಲು ಅನಿಸಿದ್ದು, ಇದು ಆಟದ ಸಾಮಾನು, ತಡವಾದರೆ ಯಾರ ಬೆಳೆ ಹೋಯಿತು ಎಂದು. ಕಳಸಾ-ಬಂಡೂರಿ ನೀರಿಗಾಗಿ ದಶಕಗಟ್ಟಲೆ ಕಾದ ನೆಲದಲ್ಲಿ ಒಂದು ವರ್ಷದ ಕಾಯುವಿಕೆ ದೊಡ್ಡದೇ? ಆದರೆ ಕೇಳುತ್ತ ಹೋದಂತೆ ನನ್ನ ತಿಳಿವಳಿಕೆ ಬದಲಾಯಿತು. ಒಂದು ದಿನಾಂಕ ಹೇಳುವುದು, ಅದು ಹತ್ತಿರ ಬಂದಾಗ ಇನ್ನೊಂದು ಹೇಳುವುದು, ಅದು ಬಂದಾಗ ಮತ್ತೊಂದು. ಪಟ್ಟಿಯಲ್ಲಿ ಇರದಿದ್ದ ಹೊಸ ಮಾದರಿಯೊಂದನ್ನು ನಡುವೆ ತಂದು, ಅದು ಬೇಕೋ ಇದು ಬೇಕೋ ಆರಿಸಿರಿ ಎನ್ನುವುದು. ಮೊದಲು ನಂಬಿ ಕೊಟ್ಟವರ ಬಾಕಿ ತೀರುವ ಮೊದಲೇ ಮುಂದಿನ ಯಂತ್ರಗಳ ಹೆಸರು ಸಾರುವುದು. ಕೊಟ್ಟವರನ್ನು ಸುಟ್ಟದ್ದು ಇವು. ಇಲ್ಲಿಗೆ ಬಂದಾಗ ನನಗೆ ನಮ್ಮ ಗೋದಾಮು ನೆನಪಾಯಿತು. ಆ ಕಥೆ ಹೇಳಲೆಂದೇ ನಾನು ಇವತ್ತು ಈ ಮೈಕಿನ ಮುಂದೆ ಕುಳಿತಿದ್ದೇನೆ.

ಬಹಳ ವರ್ಷದ ಹಿಂದಿನ ಮಾತು. ನಮ್ಮ ಸಂಘಕ್ಕೆ ಒಂದು ಗೋದಾಮು ಬೇಕಾಗಿತ್ತು. ಕಡಲೆ ಬಂದಾಗ ದರ ಬಿದ್ದಿರುತ್ತದೆ, ಇಟ್ಟುಕೊಳ್ಳಲು ಜಾಗ ಇಲ್ಲದವ ಬಿದ್ದ ದರಕ್ಕೇ ಮಾರಬೇಕು. ಸದಸ್ಯರಿಂದ ಹೆಚ್ಚುವರಿ ಷೇರು ಹಣ ಎತ್ತಿದೆವು. ಮುಂದಿನ ಸುಗ್ಗಿಗೆ ನಿಮ್ಮ ಕಡಲೆ ನಮ್ಮ ಗೋದಾಮಿನಲ್ಲಿ ಎಂದು ನಾನೇ ಗುಡಿಯ ಕಟ್ಟೆಯ ಮೇಲೆ ನಿಂತು ಹೇಳಿದ್ದೆ. ಅಡಿಪಾಯ ಅಗೆದರೆ ಗಟ್ಟಿ ನೆಲ ಸಿಗಲಿಲ್ಲ. ಎರೆಮಣ್ಣಿನ ಗುಣ ನಿಮಗೆ ಗೊತ್ತು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೊದಲು ಹಾಕಿದ ಗೋಡೆ ಒಂದೇ ವರ್ಷಕ್ಕೆ ಸೀಳಿತು. ಮತ್ತೆ ಆಳಕ್ಕೆ ಇಳಿಯಬೇಕಾಯಿತು, ಹಣ ಸಾಲದಾಯಿತು. ಒಂದು ಸುಗ್ಗಿ ಹೋಯಿತು, ಎರಡನೆಯದೂ ಹೋಯಿತು.

ಆ ಎರಡು ವರ್ಷ ನಾನು ಏನು ಮಾಡಿದೆ? ಸದಸ್ಯರನ್ನು ತಪ್ಪಿಸಿಕೊಂಡು ಓಡಾಡಿದೆ. ಸಂತೆಯ ದಿನ ಹಿತ್ತಲ ಹಾದಿ ಹಿಡಿದೆ. ಕೇಳಿದವರಿಗೆ “ಆಗ್ತೈತ್ರೀ, ಮುಂದಿನ ತಿಂಗಳ” ಅಂದೆ. ಮುಂದಿನ ತಿಂಗಳು ಆಗುವುದಿಲ್ಲ ಎಂದು ಗೊತ್ತಿದ್ದೂ ಅಂದೆ. ಒಂದು ಸಂಜೆ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದ ಒಬ್ಬ ಅಜ್ಜಿ, ಎರಡೆಕರೆಯ ಒಡತಿ, ಕಚೇರಿ ಬಾಗಿಲಿಗೆ ಬಂದು ನಿಂತಳು. ಆಕೆ ಕೊಟ್ಟದ್ದು ಚಿಕ್ಕ ಮೊತ್ತ. ನಾನು ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ, “ಎಲ್ಲಿಗೂ ಹೋಗೂದಿಲ್ಲವಾ ನಿನ್ನ ರೊಕ್ಕ” ಅಂದೆ.

ಆಕೆ ಅಂದಳು: “ತಮ್ಮಾ, ನಾ ರೊಕ್ಕ ಕೇಳಾಕ ಬಂದಿಲ್ಲಪಾ. ಗ್ವಾಡಿ ಯಾಕ ಸೀಳಿತು, ಏನ ಮಾಡಾಕತ್ತೀರಿ, ಅಷ್ಟ ಹೇಳು. ಮನ್ಯಾಗ ಮಗಾ ಕೇಳ್ತಾನ, ಏನಂತ ಹೇಳ್ಲಿ?”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಗೋಡೆ ಯಾಕೆ ಸೀಳಿತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಐದು ನಿಮಿಷ ಸಾಕಿತ್ತು. ಎರಡು ವರ್ಷ ನಾನು ಆ ಐದು ನಿಮಿಷ ಕೊಟ್ಟಿರಲಿಲ್ಲ. ಮಾರನೆಯ ದಿನವೇ ಡಂಗುರ ಸಾರಿಸಿ ಸದಸ್ಯರನ್ನು ಕರೆದೆ. ಸೀಳಿದ ಗೋಡೆಯ ಮುಂದೆಯೇ ನಿಲ್ಲಿಸಿ, ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಲ್ಲಿ ನಮ್ಮ ಲೆಕ್ಕ ತಪ್ಪಿತು, ಇನ್ನೆಷ್ಟು ಬೇಕು ಎಂದು ಓದಿದೆ. ಬೈಗುಳ ತಿಂದೆ. ಆದರೆ ಆ ದಿನ ಒಬ್ಬನೂ ಹಣ ವಾಪಸು ಕೇಳಲಿಲ್ಲ. ಇಬ್ಬರು ಗೌಂಡಿಗಳು ತಾವಾಗಿಯೇ ಮುಂದೆ ಬಂದು ಅಡಿಪಾಯ ಹೇಗೆ ಹಾಕಬೇಕೆಂದು ಹೇಳಿಕೊಟ್ಟರು. ಅವರು ಎರಡು ವರ್ಷದಿಂದಲೂ ಅದೇ ಊರಲ್ಲೇ ಇದ್ದರು.

ಕೊಟ್ಟವರ ಮುಂದೆ ಲೆಕ್ಕ ಇಡಬೇಕೆಂಬ ಈ ಜ್ಞಾನ ನನಗಿಂತ ಬಹಳ ಮೊದಲೇ ನಮ್ಮ ನೆಲದಲ್ಲಿತ್ತು. ಅಣ್ಣಿಗೇರಿ ದಾಟಿ ಗದಗಿನ ಕಡೆ ಹೋದರೆ ಗದಗ ತಾಲ್ಲೂಕಿನಲ್ಲಿ ಕಣಗಿನಹಾಳ ಸಿಗುತ್ತದೆ. 1997ರವರೆಗೆ ಅದೂ ನಮ್ಮ ಧಾರವಾಡ ಜಿಲ್ಲೆಯದೇ. 1904ರಲ್ಲಿ ಸಹಕಾರಿ ಕಾಯಿದೆ ಬಂತು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಆ ಊರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಚರಿತ್ರೆಯ ಮೊದಲ ಪುಟಗಳಲ್ಲೇ ಆ ಊರಿನ ಹೆಸರಿದೆ. ಸಹಕಾರದಲ್ಲಿ ಹಣ ಕೊಟ್ಟವನು ಗಿರಾಕಿಯಲ್ಲ, ಸದಸ್ಯ. ಸದಸ್ಯನಿಗೆ ಒಂದು ಮತ ಇದೆ, ವರ್ಷಕ್ಕೊಮ್ಮೆ ಮಹಾಸಭೆ ಇದೆ, ಎದ್ದು ನಿಂತು ಕೇಳುವ ಹಕ್ಕಿದೆ, ಲೆಕ್ಕ ತಪಾಸಣೆ ಇದೆ. ಸೆಪ್ಟೆಂಬರ್ ಬಂತೆಂದರೆ ಊರೂರಿನ ಸಂಘಗಳಲ್ಲಿ ಸಭೆಯ ಗದ್ದಲ ಕೇಳುತ್ತೀರಿ. ಆ ಗದ್ದಲವೇ ಸಂಘದ ಪ್ರಾಣ ಎಂದು ನಾನು ತಡವಾಗಿ ಕಲಿತೆ.

ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಕೊಟ್ಟವನು ಏನು? ಅಂಗಡಿಯ ಗಿರಾಕಿಯಲ್ಲ, ನಮ್ಮದು ಅಂಗಡಿಯಲ್ಲ ಎಂದು ಆ ಸಂಸ್ಥೆಯೇ ಹೇಳಿದೆ. ಪಾಲುದಾರನೂ ಅಲ್ಲ. ಇದೇ ಬಗೆಯ ಯಂತ್ರಕ್ಕೆ 2012ರಲ್ಲಿ ಆಕ್ಯುಲಸ್ ಎಂಬ ಕಂಪನಿ ಇದೇ ಕಟ್ಟೆಯ ಮೇಲೆ 24 ಲಕ್ಷ ಡಾಲರ್ ಎತ್ತಿತ್ತು. ಎರಡೇ ವರ್ಷಕ್ಕೆ, 2014ರ ಮಾರ್ಚ್‌ನಲ್ಲಿ, ಫೇಸ್‌ಬುಕ್ ಅದನ್ನು 200 ಕೋಟಿ ಡಾಲರ್‌ಗೆ ಕೊಳ್ಳಲು ಮುಂದಾಯಿತು. ಮೊದಲು ಸಂಚಕಾರ ಕೊಟ್ಟ ಒಂಬತ್ತೂವರೆ ಸಾವಿರ ಜನರಿಗೆ ಆ ಮಾರಾಟದಲ್ಲಿ ಒಂದು ಪೈಸೆಯ ಪಾಲೂ ಇರಲಿಲ್ಲ. ಆಗ ಎದ್ದ ಸಿಟ್ಟು ಸಣ್ಣದಲ್ಲ. 2016ರಲ್ಲಿ ಹೊಸ ಹೆಡ್‌ಸೆಟ್ಟು ಬಂದಾಗ, ಮೊದಲ ಯಂತ್ರಕ್ಕೆ ಹಣ ಕೊಟ್ಟವರಿಗೆಲ್ಲ ಅದನ್ನು ಪುಕ್ಕಟೆ ಕೊಟ್ಟರು.

ಹೀಗೆ ಗಿರಾಕಿಯೂ ಅಲ್ಲದ, ಪಾಲುದಾರನೂ ಅಲ್ಲದ ಈ ಮನುಷ್ಯನ ಕೈಯಲ್ಲಿ ಉಳಿಯುವುದು ಸುದ್ದಿ ತಿಳಿಯುವ ಹಕ್ಕೊಂದೇ. ಕಿಕ್‌ಸ್ಟಾರ್ಟರ್‌ನ ಕರಾರಿನಲ್ಲೂ ಅದು ಬರೆದಿದೆ. ಮಾತು ಕೊಟ್ಟಂತೆ ಮಾಡಲಾಗದಿದ್ದವನು ಏನು ಕೆಲಸ ಆಯಿತು, ಹಣ ಹೇಗೆ ಖರ್ಚಾಯಿತು, ಯಾವುದು ಅಡ್ಡ ಬಂತು ಎಂದು ಕೊಟ್ಟವರಿಗೆ ತಿಳಿಸಬೇಕು, ಉಳಿದ ಹಣ ಇದ್ದರೆ ಮರಳಿಸಲು ಮುಂದಾಗಬೇಕು. ನಮ್ಮ ಅಜ್ಜಿ ಕಚೇರಿ ಬಾಗಿಲಲ್ಲಿ ನಿಂತು ಕೇಳಿದ್ದು ಅಕ್ಷರ ಅಕ್ಷರ ಇದೇ. ಅಮೆರಿಕದ ಪ್ರಾಧ್ಯಾಪಕ ಈಥನ್ ಮಾಲಿಕ್ 2015ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಕೊಟ್ಟ ಸುಮಾರು 47 ಸಾವಿರ ಜನರನ್ನು ವಿಚಾರಿಸಿದರು. ನೂರರಲ್ಲಿ ಒಂಬತ್ತು ಯೋಜನೆಗಳು ಮಾತು ಕೊಟ್ಟದ್ದನ್ನು ಕೊಡದೇ ಹೋಗಿದ್ದವು. ಅಂದರೆ ಕೊನೆಗೆ ಕೊಡುವವರೇ ಹೆಚ್ಚು. ಕಾಯುವ ಕಾಲದಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಅಜಗಜಾಂತರ.

ಚೆನ್ನಾಗಿ ನಡೆಸಿಕೊಂಡವರು ಕನ್ನಡದಲ್ಲೇ ಇದ್ದಾರೆ. ಪವನ್ ಕುಮಾರ್ ಅವರು ‘ಲೂಸಿಯಾ’ ಸಿನಿಮಾಕ್ಕೆ 110 ಜನರಿಂದ 27 ದಿನಗಳಲ್ಲಿ 51 ಲಕ್ಷ ರೂಪಾಯಿ ಕೂಡಿಸಿದರು. ನಿರ್ಮಾಪಕರು ಸಿಗದ ಪಾಡನ್ನೂ ಬಚ್ಚಿಡದೆ ಬರೆದು, ನೋಡುವವರ ಹತ್ತಿರವೇ ನೇರವಾಗಿ ಹೋದರು. 2013ರ ಸೆಪ್ಟೆಂಬರ್ 6ರಂದು ಚಿತ್ರ ತೆರೆ ಕಂಡಿತು. ಇನ್ನೂ ಹಿಂದೆ ಹೋದರೆ ಧಾರವಾಡದಲ್ಲೇ ಜಿ. ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಇದೆ. ಓದುವವರು ಮೊದಲೇ ಚಂದಾ ಕೊಟ್ಟು ಸದಸ್ಯರಾಗುತ್ತಿದ್ದರು, ಆಮೇಲೆ ಪುಸ್ತಕ ಅಚ್ಚಾಗಿ ಮನೆಗೆ ಬರುತ್ತಿತ್ತು. ಇನ್ನೂ ಬರೆದು ಮುಗಿಯದ ಪುಸ್ತಕಕ್ಕೆ ಮುಂಗಡ ಕೊಟ್ಟ ಮೇಷ್ಟರು, ಗುಮಾಸ್ತರು, ಹಳ್ಳಿಯ ಗೌಡರು ಅವರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಲ್ಲಿಂದಲೇ ಬಂತು. ಅದೇ ಕಾರ್ನಾಡರು ನಟಿಸಿದ ಶ್ಯಾಮ್ ಬೆನಗಲ್ ಅವರ ‘ಮಂಥನ್’ ಚಿತ್ರಕ್ಕೆ 1976ರಲ್ಲಿ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲೆಗೆ ಎರಡೆರಡು ರೂಪಾಯಿ ಕೊಟ್ಟಿದ್ದರು. ಜನರ ಪಟ್ಟಿಯಿಂದ ದೊಡ್ಡ ಕೆಲಸ ಆಗುತ್ತದೆ ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಆ ದಾರಿಯನ್ನು ಯಾರೂ ಕೆಡಿಸಬಾರದು ಎಂಬುದೇ ನನ್ನ ಕಳಕಳಿ.

ಈಗ ನಮ್ಮ ಹಳ್ಳಿಗಳ ಹುಡುಗರ ಕೈಯಲ್ಲೂ ಮೊಬೈಲು ಇದೆ. ಕುಂದಗೋಳದಲ್ಲಿ ಕುಳಿತು ಜಗತ್ತಿನ ಯಾವ ಮೂಲೆಗಾದರೂ ಒಂದು ಗಳಿಗೆಯಲ್ಲಿ ಹಣ ಕಳಿಸಬಹುದು. ನನ್ನ ಸೋದರಳಿಯ ಆ ದಿನ ಕೊನೆಗೆ ಕೇಳಿದ್ದೂ ಅದನ್ನೇ. ಇನ್ನೂ ತಯಾರಾಗದ ಇಂಥದೊಂದು ಯಂತ್ರಕ್ಕೆ ತಾನೂ ಮುಂಗಡ ಕೊಡಲೋ ಬೇಡವೋ ಎಂದು. ಬೇಡ ಎಂದು ನಾನು ಹೇಳಲಿಲ್ಲ. ಹೊಸದನ್ನು ಮಾಡುವವರಿಗೆ ನಾಲ್ಕು ಜನ ಬೆನ್ನಿಗೆ ನಿಲ್ಲದಿದ್ದರೆ ಹೊಸದು ಹುಟ್ಟುವುದು ಹೇಗೆ? ಕೆಲಸ ಮಾಡುವ ಮಾದರಿಯೊಂದನ್ನು ಹೊರಗಿನವರು ಯಾರಾದರೂ ಕೈಯಲ್ಲಿ ಹಿಡಿದು ನೋಡಿದ್ದಾರೋ ಕೇಳು ಎಂದೆ. ಹಿಂದೆ ಏನಾದರೂ ಮಾಡಿ ಮುಟ್ಟಿಸಿದವರೋ ನೋಡು ಎಂದೆ. ಪಟ್ಟಿ ದೊಡ್ಡದಾದಂತೆಲ್ಲ ಇನ್ನಷ್ಟು, ಮತ್ತಷ್ಟು ಕೊಡುತ್ತೇವೆ ಎಂದು ಮಾತು ಬೆಳೆಸುವವರ ಹತ್ತಿರ ಎಚ್ಚರವಾಗಿರು ಎಂದೆ. ಬಿತ್ತನೆ ಬೀಜಕ್ಕೋ ಮನೆಯ ದವಾಖಾನೆಗೋ ಬೇಕಾಗುವ ಹಣದಲ್ಲಿ ಮಾತ್ರ ಕೈ ಹಾಕಬೇಡ, ವರ್ಷಗಟ್ಟಲೆ ಬರದಿದ್ದರೂ ಅನ್ನಕ್ಕೆ ಕುತ್ತು ಬಾರದಷ್ಟೇ ಕೊಡು ಎಂದೂ ಹೇಳಿದೆ.

ಯಂತ್ರ ಮಾಡುವ ಕನಸಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನನ್ನದೊಂದು ಬೇಡಿಕೆ. ನಾಳೆ ನೀವೂ ಜನರ ಮುಂದೆ ಪಟ್ಟಿ ಹಿಡಿದು ನಿಲ್ಲುತ್ತೀರಿ. ನಿಲ್ಲಿರಿ, ನಾವು ಕೊಡುತ್ತೇವೆ. ಗೋಡೆ ಸೀಳಿದ ದಿನವೇ ಬಂದು ಸೀಳಿತು ಎಂದು ಹೇಳಿರಿ. ತಿಂಗಳಿಗೊಮ್ಮೆ ಕೂತು ಲೆಕ್ಕ ಬರೆದು ಕೊಟ್ಟವರಿಗೆ ಮುಟ್ಟಿಸಿರಿ.

ಕೊಡುವವರು ರಸೀದಿಯನ್ನೂ ಇಸಗೊಂಡವರು ಕೊಟ್ಟ ಮಾತಿನ ಪ್ರತಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ನಮ್ಮ ದೇಶದ ವ್ಯಾಪಾರಿಗಳು ಮುಂಗಡ ಹಣ ಇಸಗೊಂಡು ವಸ್ತು ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ, ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನೀವು ವಾಸವಾಗಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ವ್ಯಾಪಾರಿಯ ಊರಿಗೆ ಅಲೆಯಬೇಕಾಗಿಲ್ಲ.

ನಮ್ಮ ಗೋದಾಮು ಮೂರನೆಯ ಸುಗ್ಗಿಗೆ ಮುಗಿಯಿತು. ಮೊದಲ ದಿನ ಕಡಲೆಯ ಚೀಲ ತಂದವರಲ್ಲಿ ಆ ಅಜ್ಜಿಯೂ ಇದ್ದಳು.